ಗೋಡೆಯೂ ನೆಲವೂ ಕೂಡುವಲ್ಲಿ ಎಚ್ಚರವಿರಲಿ

ಕಳೆದ ವೈಶಾಖದ ಒಂದು ರಾತ್ರಿ ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಿಂದ ಭಕ್ತರ ಕುಟುಂಬವೊಂದು ಶ್ರೀಮಠದ ಬಾಗಿಲಿಗೆ ಬಂದಿತು. ಅಜ್ಜಿಯ ತೋಳಿನಲ್ಲಿ ಆರು ವರ್ಷದ ಮೊಮ್ಮಗಳಿದ್ದಳು. ಪಡಸಾಲೆಯ ಗೋಡೆಗೆ ಒತ್ತಿ ಹಾಸಿದ ಚಾಪೆಯ ಮೇಲೆ ಮಲಗಿದ್ದ ಮಗುವಿನ ಕಾಲಿಗೆ ಚೇಳು ಕುಟುಕಿತ್ತು. “ಅಪ್ಪಾವರ, ಭಸ್ಮಾ ಕೊಡ್ರಿ, ಕೂಸಿನ ಉರಿ ಇಳೀಲಿ” ಎಂದು ಆ ತಾಯಿ ಅಂಗಲಾಚಿದರು. ಮಗುವಿನ ಮೈಯೆಲ್ಲ ಬೆವೆತಿತ್ತು, ಕೈಕಾಲುಗಳು ತಣ್ಣಗಾಗಿದ್ದವು, ದಾರಿಯಲ್ಲಿಯೇ ಎರಡು ಸಲ ವಾಂತಿಯಾಗಿತ್ತು. ಹಣೆಗೆ ಭಸ್ಮವನ್ನು ಧರಿಸಿ, ಒಂದು ಗಳಿಗೆಯನ್ನೂ ಕಳೆಯದೆ ಶ್ರೀಮಠದ ವಾಹನದಲ್ಲಿಯೇ ಆಸ್ಪತ್ರೆಗೆ ಕಳುಹಿಸಿದೆವು. ವೈದ್ಯರ ಆರೈಕೆಯಲ್ಲಿ ಎರಡು ದಿನ ಕಳೆದು ಮಗು ನಗುತ್ತ ಮನೆಗೆ ಮರಳಿತು.

ಮುಂದೆ ಕೆಲವು ದಿನಗಳಿಗೆ ಆ ಮನೆಯವರ ಬಿನ್ನಹವನ್ನು ಮನ್ನಿಸಿ ಅಲ್ಲಿಗೆ ಹೋಗಿದ್ದಾಗ, ಮಗು ಮಲಗಿದ್ದ ಜಾಗವನ್ನು ತೋರಿಸಿರೆಂದು ಕೇಳಿದೆವು. ಹಾಸಿಗೆಯ ಗಂಟನ್ನೂ ಕಬ್ಬಿಣದ ಟ್ರಂಕನ್ನೂ ಸರಿಸಿ ನೋಡಿದರೆ, ಗೋಡೆಯ ಬುಡಕ್ಕೂ ಫರಸಿಯ ಅಂಚಿಗೂ ನಡುವೆ ಕಿರುಬೆರಳು ಹೋಗುವಷ್ಟು ಅಗಲದ ಸಂದು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಾಯಿ ತೆರೆದಿತ್ತು. ಮನೆ ಕಟ್ಟಿ ಹತ್ತು ವರ್ಷವೂ ಆಗಿರಲಿಲ್ಲ. ನೆಲ ನುಣುಪಾಗಿತ್ತು, ಗೋಡೆಗೆ ಹೊಸ ಬಣ್ಣವಿತ್ತು. ಅವೆರಡೂ ಕೂಡುವ ಸ್ಥಳವನ್ನು ಮಾತ್ರ ಯಾರೂ ನೋಡಿರಲಿಲ್ಲ.

ದೇಹವನ್ನು ದೇವರ ನೆಲೆಯೆಂದು ಕಂಡವರು ನಮ್ಮ ಶರಣರು. ಆ ದೇಹವು ರಾತ್ರಿಯ ವಿಶ್ರಾಂತಿಯನ್ನು ಪಡೆಯುವ ನೆಲವನ್ನು ನಿರ್ಭಯವಾಗಿ ಇಟ್ಟುಕೊಳ್ಳುವುದೂ ಧರ್ಮದ ಕೆಲಸವೇ ಆಗಿದೆ. ಆದಕಾರಣ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಔಷಧದ ಮಾತನ್ನು ಹಿಂದಕ್ಕಿಟ್ಟು, ಗೋಡೆಯ ಬುಡದ ಸಂದಿನ ಮಾತನ್ನು ಮುಂದಿಟ್ಟಿದ್ದೇವೆ.

ಸಂದು ಹುಟ್ಟುವ ಬಗೆ

ಬಾದಾಮಿಯ ಗುಹಾಲಯಗಳನ್ನು ನೋಡದ ಭಕ್ತರು ನಮ್ಮಲ್ಲಿ ವಿರಳ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ನಿಂತು ಗೋಡೆಯ ಬುಡವನ್ನು ಗಮನಿಸಿದರೆ, ಅಲ್ಲಿ ನೆಲ ಬೇರೆ, ಗೋಡೆ ಬೇರೆ ಎಂಬ ಭೇದವಿಲ್ಲ. ಒಂದೇ ಬಂಡೆಯನ್ನು ಕೊರೆದು ಮಾಡಿದ್ದರಿಂದ ಕೂಡುವ ಗೆರೆಯೇ ಇಲ್ಲ. ನಮ್ಮ ಮನೆಗಳು ಹಾಗಲ್ಲ. ಗೋಡೆಯು ಆಳವಾಗಿ ತೋಡಿದ ಬುನಾದಿಯ ಮೇಲೆ ನಿಲ್ಲುತ್ತದೆ. ನೆಲವಾದರೋ ಬುನಾದಿಯೊಳಗೆ ತುಂಬಿದ ಮಣ್ಣಿನ ಮೇಲೆ ಕೂರುತ್ತದೆ. ಎರಡಕ್ಕೂ ಆಧಾರ ಬೇರೆಬೇರೆಯಾದ್ದರಿಂದ ಅವುಗಳ ಚಲನೆಯೂ ಬೇರೆಬೇರೆ. ಅವು ಅಗಲುವ ಗೆರೆಯೇ ಗೋಡೆಯ ಬುಡದ ಸಂದು.

ಹುನಗುಂದ ಸೀಮೆಯ ಎರೆ ಭೂಮಿಯಲ್ಲಿ ಈ ಚಲನೆ ಅತಿ ಹೆಚ್ಚು. ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿಬಿಟ್ಟು, ಕೋಲು ಇಳಿಬಿಟ್ಟರೂ ತಳ ಸಿಗದ ಬಿರುಕುಗಳು ಬೀಳುವುದನ್ನು ರೈತರಾದ ನೀವು ಬಲ್ಲಿರಿ. ಹೊಲದಲ್ಲಿ ಆಗುವುದೇ ಮನೆಯ ಕೆಳಗೂ ಆಗುತ್ತದೆ. ಗೋಡೆಯ ಹೊರಬದಿಯ ಮಣ್ಣು ಬಿಸಿಲಿಗೆ ಬೇಗ ಒಣಗುತ್ತದೆ, ಮನೆಯ ನಡುಭಾಗದ ಮಣ್ಣು ತೇವವನ್ನು ಬಹುಕಾಲ ಹಿಡಿದಿರುತ್ತದೆ. ಅಂಚು ಕುಸಿದು ನಡು ಹಾಗೆಯೇ ಉಳಿದಾಗ ನೆಲವೂ ಗೋಡೆಯೂ ಒಂದನ್ನೊಂದು ಬಿಡುತ್ತವೆ. ಮಳೆಗಾಲದಲ್ಲಿ ಸಂದು ಕಿರಿದಾಗುತ್ತದೆ, ಮರುಬೇಸಿಗೆಗೆ ಮತ್ತೆ ತೆರೆಯುತ್ತದೆ. ಹೀಗೆ ಎರೆ ನಾಡಿನ ಸಂದು ಒಮ್ಮೆ ಮುಚ್ಚಿ ಮರೆಯುವಂಥದ್ದಲ್ಲ, ವರ್ಷವರ್ಷವೂ ನೋಡಿಕೊಳ್ಳಬೇಕಾದದ್ದು.

ಬಾದಾಮಿ ಕಡೆಯ ಊರುಗಳಲ್ಲಿ ಕಾರಣ ಬೇರೆ. ಅಲ್ಲಿ ಬುನಾದಿಯ ಕೆಳಗೆ ಬಹುತೇಕ ಗಟ್ಟಿ ಕಲ್ಲು ಅಥವಾ ಮಸಾರಿ ನೆಲವಿರುವುದರಿಂದ ಚಲನೆ ಕಡಿಮೆ. ಆದರೆ ಹಳೆಯ ಮನೆಗಳ ಗೋಡೆಗಳನ್ನು ಮರಳುಗಲ್ಲಿನಿಂದ ಎರಡು ಮುಖವಾಗಿ ಕಟ್ಟಿ, ನಡುವೆ ಸಣ್ಣ ಕಲ್ಲು ಮತ್ತು ಮಣ್ಣನ್ನು ತುಂಬಿರುತ್ತಾರೆ. ಕಾಲಾಂತರದಲ್ಲಿ ಆ ಮಣ್ಣು ಪುಡಿಯಾಗಿ ಉದುರಿ, ಗೋಡೆಯ ಹೊಟ್ಟೆಯಲ್ಲಿಯೇ ಪೊಳ್ಳು ಉಂಟಾಗುತ್ತದೆ. ಬುಡದಲ್ಲಿ ಕಾಣುವ ಸಣ್ಣ ತೂತು ಆ ಪೊಳ್ಳಿನ ಬಾಗಿಲು ಮಾತ್ರ.

ಬಾಗಲಕೋಟೆಯಲ್ಲಿ ಎರಡು ಪರಿಯ ಮನೆಗಳಿವೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಊರಿನ ಒಂದು ಭಾಗ ಒಳಗಾಗಿ, ಅನೇಕ ಕುಟುಂಬಗಳು ನವನಗರಕ್ಕೆ ಬಂದು ಹೊಸ ಮನೆಗಳನ್ನು ಕಟ್ಟಿಕೊಂಡವು. ಹಳೆಯ ಊರಿನಲ್ಲಿ ಉಳಿದವರ ಮನೆಗಳಲ್ಲಿ ತೇವದ ಕಾಟ. ನೀರು ಏರಿದಾಗ ಬಿಲಗಳನ್ನು ಬಿಟ್ಟ ಇಲಿ, ಹೆಗ್ಗಣ, ಹಾವುಗಳು ಒಣಗಿದ ಜಾಗವನ್ನರಸಿ ಮನೆಗಳತ್ತ ಬರುತ್ತವೆ. ಹೊಸ ಮನೆಗಳಲ್ಲಿಯಾದರೋ, ಎಲ್ಲಿಯೇ ಆಗಲಿ, ಬುನಾದಿಯೊಳಗೆ ತುಂಬಿದ ಮಣ್ಣನ್ನು ಪದರಪದರವಾಗಿ ನೀರು ಹಾಕಿ ದಮ್ಮಸು ಮಾಡದಿದ್ದರೆ ಮೂರು ನಾಲ್ಕು ವರ್ಷಗಳಲ್ಲಿ ನೆಲ ತಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ನದಿಯ ಪ್ರವಾಹದ ಬಳಿಕ ಅವಸರದಲ್ಲಿ ಎದ್ದ ಮನೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಸಂದಿನೊಳಗೆ ನೆಲಸುವವರು

ಒಂದು ಸಂದಿನೊಳಗೆ ಒಂದು ಜೀವವಷ್ಟೇ ಇರುವುದಿಲ್ಲ. ಮೊದಲು ನೆಲದ ಮೇಲೆ ಬಿದ್ದ ಅನ್ನದ ಅಗುಳು, ಹಿಟ್ಟಿನ ಕಣಕ್ಕಾಗಿ ಇರುವೆ ಮತ್ತು ಜಿರಳೆಗಳು ಬರುತ್ತವೆ. ಜಿರಳೆಯನ್ನು ತಿನ್ನಲು ಚೇಳು ಬರುತ್ತದೆ. ಜೋಳದ ಚೀಲದ ವಾಸನೆಗೆ ಇಲಿ ಬರುತ್ತದೆ, ಇಲಿಯ ಜಾಡು ಹಿಡಿದು ಹಾವು ಬರುತ್ತದೆ. ಸುಂಡಿಲಿಗೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಸಂದಿದ್ದರೆ ಸಾಕು, ದೊಡ್ಡ ಇಲಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೇಕು. ಇಲಿ ತೂರುವಲ್ಲಿ ಹಾವಿನ ಮರಿಯೂ ತೂರಬಲ್ಲದು. ಚಪ್ಪಟೆ ಮೈಯ ಚೇಳಿಗೆ ಇದಕ್ಕಿಂತಲೂ ಕಿರಿದಾದ ಬಿರುಕು ಸಾಕು.

ನಮ್ಮ ಭಾಗದ ಚೇಳುಗಳಲ್ಲಿ ಎರಡನ್ನು ಬೇರ್ಪಡಿಸಿ ತಿಳಿಯಬೇಕು. ಕರಿದಾಗಿ, ದೊಡ್ಡದಾಗಿ, ದಪ್ಪ ಕೊಂಡಿಗೈಗಳಿರುವ ಚೇಳನ್ನು ಕಂಡರೆ ಜನ ಹೆಚ್ಚು ಅಂಜುತ್ತಾರೆ. ಆದರೆ ಅದರ ವಿಷ ಸಾಮಾನ್ಯವಾಗಿ ನೋವನ್ನಷ್ಟೇ ಕೊಡುತ್ತದೆ. ಕೆಂಪು ಮಿಶ್ರಿತ ಕಂದು ಬಣ್ಣದ, ಬೆರಳುದ್ದದ, ಸಣಕಲು ಕೊಂಡಿಗೈಗಳ ಮತ್ತು ದಪ್ಪ ಬಾಲದ ಚೇಳೇ ಅಪಾಯಕಾರಿ. ಅದರ ವಿಷ ಹೃದಯವನ್ನೂ ರಕ್ತನಾಳಗಳನ್ನೂ ಕೆರಳಿಸಿ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುವಂತೆ ಮಾಡಬಲ್ಲದು. ಮೈಯ ತೂಕ ಕಡಿಮೆಯಿರುವ ಮಕ್ಕಳಿಗೆ ಇದರ ಅಪಾಯ ಹೆಚ್ಚು.

ಹಾವುಗಳ ವಿಷಯದಲ್ಲಿ ಗೋಡೆಯ ಬುಡಕ್ಕೆ ಅತಿ ಹತ್ತಿರದ ಸಂಬಂಧವಿರುವುದು ಕಟ್ಟುಹಾವಿಗೆ. ಇದು ರಾತ್ರಿ ಸಂಚರಿಸುತ್ತದೆ, ಹಗಲಿನಲ್ಲಿ ಇಲಿಯ ಬಿಲ, ಕಲ್ಲಿನ ಸಂದು, ಇಟ್ಟಿಗೆಯ ರಾಶಿಗಳಲ್ಲಿ ಅಡಗಿರುತ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದುಂಟು. ಕಡಿತದ ನೋವು ಬಹಳ ಸಲ ತಿಳಿಯುವುದೇ ಇಲ್ಲ, ಗಾಯದ ಗುರುತೂ ಕಾಣದು. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವರಿಗೆ ಕಣ್ಣಿನ ರೆಪ್ಪೆ ಜೋಲುತ್ತದೆ, ನುಂಗಲು ಕಷ್ಟವಾಗುತ್ತದೆ, ಬಳಿಕ ಉಸಿರಾಟವೇ ನಿಲ್ಲತೊಡಗುತ್ತದೆ.

ಇದು ಅಲ್ಪ ಸಂಗತಿಯಲ್ಲ. 2000ದಿಂದ 2019ರವರೆಗಿನ ಅವಧಿಯ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಮರಣ ಹೊಂದಿದ್ದಾರೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡತಕ್ಕದ್ದೆಂದು ಘೋಷಿಸಿತು.

ಹಿರಿಯರ ಸಾರಣೆ ನಮಗೆ ಕಲಿಸುವುದು

ನಮ್ಮ ಅಜ್ಜಿಯರ ಕಾಲದಲ್ಲಿ ಸೋಮವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಮನೆಯನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರು. ಸಾರಣೆ ಕಾರಣೆಗಳನ್ನು ನಾವು ಮಂಗಳಕರವೆಂದು ಮಾತ್ರ ನೆನೆಯುತ್ತೇವೆ. ಆದರೆ ಅದರೊಳಗೆ ಇನ್ನೊಂದು ಉಪಕಾರವೂ ಅಡಗಿತ್ತು. ನೆಲಕ್ಕೆ ಬಾಗಿ, ಮೂಲೆಮೂಲೆಗೆ ಕೈಯಾಡಿಸುತ್ತಿದ್ದ ತಾಯಂದಿರ ಕಣ್ಣಿಗೆ ಗೋಡೆಯ ಬುಡದ ಪ್ರತಿಯೊಂದು ತೂತೂ ವಾರಕ್ಕೊಮ್ಮೆ ಬೀಳುತ್ತಿತ್ತು. ಕಂಡ ತೂತಿಗೆ ಅಲ್ಲಿಯೇ ಒಂದು ಹಿಡಿ ಮಣ್ಣು ಮೆತ್ತಿ ಮುಂದೆ ಹೋಗುತ್ತಿದ್ದರು. ಕೆಮ್ಮಣ್ಣಿನ ಪಟ್ಟಿ ಬಿರಿದರೆ ಸಂದು ಬಿಟ್ಟಿತೆಂದು ತಿಳಿಯುತ್ತಿತ್ತು.

ಇಂದು ಫರಸಿ, ಗ್ರಾನೈಟ್, ಟೈಲ್ಸ್ ಬಂದಿವೆ. ನೆಲ ಒರೆಸುವುದು ನಿಂತುಕೊಂಡೇ ಆಗುತ್ತದೆ. ಟ್ರಂಕು, ತಿಜೋರಿ, ಜೋಳದ ಚೀಲಗಳು ಗೋಡೆಗೆ ಒತ್ತಿ ನಿಂತಿವೆ. ಮಣ್ಣಿನ ನೆಲಕ್ಕಿಂತ ಕಲ್ಲಿನ ನೆಲ ಗಟ್ಟಿಯೆಂಬುದು ನಿಜ. ಆದರೆ ವಾರದ ಆ ನೋಟ ತಪ್ಪಿಹೋಗಿದೆ. ನೆಲ ಬದಲಾದರೂ ನೋಟವನ್ನು ಉಳಿಸಿಕೊಳ್ಳಬೇಕೆಂಬುದೇ ಈ ಲೇಖನದ ಮುಖ್ಯ ಬಿನ್ನಪ.

ಗೋಡೆಯ ಬಿರುಕಿಗೂ ರೋಗಕ್ಕೂ ಇರುವ ನಂಟನ್ನು ದೂರದ ನಾಡುಗಳೂ ಕಂಡಿವೆ. 1909ರಲ್ಲಿ ಬ್ರೆಜಿಲ್ ದೇಶದ ವೈದ್ಯ ಕಾರ್ಲೋಸ್ ಶಾಗಾಸ್ ಅವರು ಅಲ್ಲಿನ ಬಡವರ ಮಣ್ಣಿನ ಮನೆಗಳ ಬಿರುಕುಗಳಲ್ಲಿ ಅಡಗಿ, ರಾತ್ರಿ ರಕ್ತ ಹೀರುವ ಒಂದು ಕೀಟದಿಂದ ಹರಡುವ ರೋಗವನ್ನು ಗುರುತಿಸಿದರು. ಮುಂದೆ ಆ ಭಾಗದ ದೇಶಗಳಲ್ಲಿ ಔಷಧ ಸಿಂಪಡಿಸುವುದರ ಜೊತೆಗೆ ಗೋಡೆಗಳಿಗೆ ಗಿಲಾವು ಮಾಡಿ ಬಿರುಕು ಮುಚ್ಚುವುದೂ ರೋಗ ತಡೆಯುವ ಉಪಾಯವಾಯಿತು. ಆ ರೋಗ ನಮ್ಮ ನಾಡಿನದಲ್ಲ. ಆದರೂ ಗೌಂಡಿಯ ಕರಣೆಯು ಕೆಲವೊಮ್ಮೆ ವೈದ್ಯರ ಸೂಜಿಯ ಕೆಲಸವನ್ನೇ ಮಾಡುತ್ತದೆ ಎಂಬ ಪಾಠ ನಮಗೂ ಸಲ್ಲುತ್ತದೆ.

ಮೊದಲು ನೋಡುವುದು

ರೋಹಿಣಿ ಮಳೆಗೆ ಮುಂಚೆ, ಬೇಸಿಗೆಯ ಕೊನೆಯಲ್ಲಿ ಒಂದು ದಿನವನ್ನು ಇದಕ್ಕೆಂದೇ ಮೀಸಲಿಡಿರಿ. ಆಗ ಸಂದುಗಳು ಪೂರ್ತಿ ತೆರೆದಿರುವುದರಿಂದ ಯಾವುದೂ ಕಣ್ತಪ್ಪುವುದಿಲ್ಲ.

ಗೋಡೆಗೆ ಒತ್ತಿದ ಸಾಮಾನುಗಳನ್ನೆಲ್ಲ ಒಂದು ಮೊಳ ಮುಂದಕ್ಕೆ ಸರಿಸಿರಿ. ಕಾಲಿಗೆ ಬೂಟು ಇರಲಿ, ಬರಿಗೈಯಿಂದ ಯಾವ ಸಂದನ್ನೂ ಮುಟ್ಟಬಾರದು. ಟಾರ್ಚನ್ನು ನೆಲಕ್ಕೆ ಸಮವಾಗಿ ಹಿಡಿದು ಬೆಳಕನ್ನು ಗೋಡೆಯ ಬುಡದುದ್ದಕ್ಕೂ ಹಾಯಿಸಿದರೆ ಸಣ್ಣ ಬಿರುಕೂ ನೆರಳಾಗಿ ಕಾಣುತ್ತದೆ. ಬಾಗಿಲು ಕಿಟಕಿಗಳನ್ನು ಮುಚ್ಚಿ, ಹಚ್ಚಿದ ಊದುಬತ್ತಿಯನ್ನು ಬುಡದ ಗೆರೆಗುಂಟ ನಿಧಾನವಾಗಿ ಸಾಗಿಸಿರಿ. ಹೊಗೆ ಅಲುಗಿದಲ್ಲಿ, ಒಳಕ್ಕೆ ಎಳೆದಲ್ಲಿ ಸಂದು ಹೊರಗಿನವರೆಗೆ ಹೋಗಿದೆಯೆಂದು ತಿಳಿಯಿರಿ. ಅಂಥ ಸ್ಥಳಗಳಿಗೆ ಸುಣ್ಣದ ಗುರುತು ಹಾಕಿರಿ. ಸ್ಕರ್ಟಿಂಗ್ ಪಟ್ಟಿಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿರಿ. ಟೊಳ್ಳು ಸದ್ದು ಬಂದರೆ ಹಿಂದೆ ಪೊಳ್ಳಿದೆ.

ದೊಡ್ಡ ತೂತು ಕಂಡೊಡನೆ ಮುಚ್ಚಲು ಅವಸರಿಸಬೇಡಿರಿ. ಒಳಗೆ ಹಾವೋ ಇಲಿಯೋ ಇದ್ದರೆ ಅದು ಬೇರೆ ದಾರಿಯಿಂದ ಮನೆಯೊಳಕ್ಕೇ ಬರಬಹುದು. ತೂತಿನ ಬಾಯಿಗೆ ಕಾಗದದ ಉಂಡೆಯೊಂದನ್ನು ಸಡಿಲವಾಗಿ ತುರುಕಿ, ಮುಂದೆ ಸ್ವಲ್ಪ ಬೂದಿಯನ್ನು ತೆಳ್ಳಗೆ ಹರಡಿ ಮೂರು ದಿನ ಬಿಡಿರಿ. ಕಾಗದ ಅಲುಗದೆ, ಬೂದಿಯಲ್ಲಿ ಗುರುತು ಮೂಡದೆ ಇದ್ದರೆ ಬಿಲ ಬರಿದಾಗಿದೆಯೆಂದು ತಿಳಿಯಬಹುದು. ಹಾವಿನ ಪೊರೆ ಕಂಡರೆ ಅಥವಾ ಹಾವೇ ಕಂಡರೆ ಅರಣ್ಯ ಇಲಾಖೆಯವರನ್ನೋ ತರಬೇತಿ ಪಡೆದ ಉರಗ ರಕ್ಷಕರನ್ನೋ ಕರೆಯಿಸಿರಿ.

ಚೇಳುಗಳಿವೆಯೇ ಎಂದು ತಿಳಿಯಲು ಇನ್ನೊಂದು ಉಪಾಯವಿದೆ. ನೋಟುಗಳನ್ನು ಪರೀಕ್ಷಿಸಲು ಬಳಸುವ ನೇರಳಾತೀತ ಬೆಳಕಿನ ಟಾರ್ಚಿನಿಂದ ಕತ್ತಲಲ್ಲಿ ನೋಡಿದರೆ ಚೇಳಿನ ಮೈ ಹಸಿರಾಗಿ ಹೊಳೆಯುತ್ತದೆ. ರಾತ್ರಿ ಮಕ್ಕಳ ಹಾಸಿಗೆ ಹಾಸುವ ಮುನ್ನ ಒಮ್ಮೆ ಸುತ್ತ ಬೆಳಕು ಹಾಯಿಸುವುದು ಒಳ್ಳೆಯ ರೂಢಿ.

ಸಂದಿಗೆ ತಕ್ಕ ಮದ್ದು

ಎಲ್ಲ ಸಂದಿಗೂ ಸಿಮೆಂಟು ಮೆತ್ತಿದರಾಯಿತು ಎಂಬುದು ನಮ್ಮಲ್ಲಿ ಸಾಮಾನ್ಯವಾದ ತಪ್ಪು. ಮೊದಲು ಸಂದಿನೊಳಗಿನ ಸಡಿಲ ಮಣ್ಣನ್ನು ಕಬ್ಬಿಣದ ಕೊಕ್ಕೆಯಿಂದ ಕೆರೆದು, ಗಟ್ಟಿ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಧೂಳಿನ ಮೇಲೆ ಯಾವ ಮದ್ದೂ ಅಂಟದು. ಬಳಿಕ ಮನೆಯ ಬಗೆಯನ್ನೂ ಸಂದಿನ ಅಗಲವನ್ನೂ ನೋಡಿ ಮುಂದುವರಿಯಬೇಕು.

ಎರೆ ಭೂಮಿಯ ಮೇಲಿನ ಮನೆಗಳಲ್ಲಿ, ಬೇಸಿಗೆಯಲ್ಲಿ ಅಗಲವಾಗಿ ತೆರೆದ ಸಂದಿಗೆ ಗಟ್ಟಿ ಸಿಮೆಂಟು ತುಂಬಿದರೆ ಮಳೆಗಾಲದಲ್ಲಿ ಮಣ್ಣು ಉಬ್ಬಿದಾಗ ನೆಲಕ್ಕೆ ಸರಿಯಲು ಸ್ಥಳವಿರುವುದಿಲ್ಲ. ಆಗ ಫರಸಿ ಮೇಲೇಳುತ್ತದೆ, ಇಲ್ಲವೆ ಸಿಮೆಂಟೇ ಒಡೆದು ಹೊಸ ಬಿರುಕು ಬೀಳುತ್ತದೆ. ಇಲ್ಲಿ ಹಿಗ್ಗಿ ಕುಗ್ಗುವ ಪದಾರ್ಥವೇ ಬೇಕು. ಹಾರ್ಡ್‌ವೇರ್ ಅಂಗಡಿಗಳಲ್ಲಿ ನಳಿಕೆಗಳಲ್ಲಿ ಸಿಗುವ ಪಾಲಿಯುರೆಥೇನ್ ಸೀಲೆಂಟ್ ಇದಕ್ಕೆ ತಕ್ಕದ್ದು. ಬೆರಳಗಲದ ಸಂದಾದರೆ ಅದಕ್ಕಿಂತ ತುಸು ದಪ್ಪನೆಯ ಫೋಮ್ ಹಗ್ಗವನ್ನು ಮೊದಲು ಒಳಗೆ ಒತ್ತಿ, ಅದರ ಮೇಲೆ ಸೀಲೆಂಟ್ ಹಾಕಬೇಕು. ಸಂದಿನ ಅಗಲ ಎರಡು ಪಾಲಾದರೆ ಸೀಲೆಂಟಿನ ಆಳ ಒಂದು ಪಾಲಿರಲಿ. ಹೀಗೆ ಮಾಡಿದರೆ ಅದು ರಬ್ಬರಿನಂತೆ ಎಳೆದುಕೊಂಡು ಬಾಳುತ್ತದೆ, ಹಣವೂ ಉಳಿಯುತ್ತದೆ. ಹಾಕುವಾಗ ಸಂದು ಪೂರ್ತಿ ಒಣಗಿರಬೇಕು.

ಬಾದಾಮಿ ಕಡೆಯ ಹಳೆಯ ಕಲ್ಲಿನ ಮನೆಗಳಿಗೆ ಸುಣ್ಣದ ಗಚ್ಚೇ ಶ್ರೇಷ್ಠ. ಒಂದು ಪಾಲು ನೆನೆದ ಸುಣ್ಣಕ್ಕೆ ಮೂರು ಪಾಲು ತೊಳೆದ ಉಸುಕು ಸೇರಿಸಿ ಚೆನ್ನಾಗಿ ಅರೆಯಬೇಕು. ಹಿಂದಿನವರು ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನೂ ಬೆರೆಸುತ್ತಿದ್ದರು. ಸುಣ್ಣ ಹಾಕುವ ಮುನ್ನ ಸಂದಿಗೆ ನೀರು ಚಿಮುಕಿಸಬೇಕು, ಹಾಕಿದ ಮೇಲೆ ಒಂದು ವಾರ ಒದ್ದೆ ಗೋಣಿಯನ್ನು ಹೊದಿಸಬೇಕು. ಮಣ್ಣಿನಿಂದ ಕಟ್ಟಿದ ಗೋಡೆಯ ಬುಡಕ್ಕೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆಯ ಮೇಲಕ್ಕೇರುತ್ತದೆ, ಕಲ್ಲು ಪುಡಿಯಾಗತೊಡಗುತ್ತದೆ. ಸುಣ್ಣವು ತೇವವನ್ನು ಹೊರಬಿಡುತ್ತದೆ. ಸುಣ್ಣ ಕಲಸುವಾಗ ಮಕ್ಕಳನ್ನು ದೂರವಿಡಿರಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿರಿ.

ಇಲಿ ಹೆಗ್ಗಣಗಳು ಕೊರೆದ ತೂತಿಗೆ ಫೋಮು, ಬಟ್ಟೆ, ಗೋಣಿಯ ಚಿಂದಿಗಳಿಂದ ಪ್ರಯೋಜನವಿಲ್ಲ. ಅವು ಎರಡೇ ರಾತ್ರಿಗಳಲ್ಲಿ ಕಡಿದುಹಾಕುತ್ತವೆ. ತೂತಿನೊಳಗೆ ಉಕ್ಕಿನ ನಾರನ್ನೋ ಸಣ್ಣ ಕಣ್ಣಿನ ತಂತಿ ಜಾಲರಿಯನ್ನೋ ಬಿಗಿಯಾಗಿ ಒತ್ತಿ, ಮೇಲೆ ಜಲ್ಲಿ ಬೆರೆಸಿದ ಗಚ್ಚು ತುಂಬಬೇಕು. ಜಾಲರಿಯ ಕಣ್ಣು ಅರ್ಧ ಸೆಂಟಿಮೀಟರಿಗಿಂತ ದೊಡ್ಡದಿರಬಾರದು.

ಇಳಕಲ್ಲಿನ ಕೆಂಪು ಗ್ರಾನೈಟಿನ ಹೆಸರು ದೂರದ ದೇಶಗಳಿಗೂ ಹೋಗಿದೆ. ಕತ್ತರಿಸಿ ಉಳಿದ ಸಣ್ಣ ಪಟ್ಟಿಗಳು ಸಿಕ್ಕರೆ ಅವನ್ನು ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಆಗಿ ಕೂರಿಸಬಹುದು. ಒಂದು ಮಾತನ್ನು ಗೌಂಡಿಗೆ ತಿಳಿಸಿ ಹೇಳಬೇಕು: ಪಟ್ಟಿಯ ಹಿಂದೆ ಎಲ್ಲಿಯೂ ಪೊಳ್ಳು ಬಿಡದೆ ಗಚ್ಚು ತುಂಬಿರಬೇಕು, ಮತ್ತು ಪಟ್ಟಿಯ ಕೆಳ ಅಂಚಿಗೂ ನೆಲಕ್ಕೂ ನಡುವಿನ ಗೆರೆಯನ್ನು ಸೀಲೆಂಟಿನಿಂದ ಮುಚ್ಚಿರಬೇಕು. ಪೊಳ್ಳು ಬಿಟ್ಟ ಸ್ಕರ್ಟಿಂಗ್ ಸಂದನ್ನು ಮರೆಮಾಡುತ್ತದೆಯೇ ಹೊರತು ಮುಚ್ಚುವುದಿಲ್ಲ.

ಇದರೊಂದಿಗೆ ಬಚ್ಚಲಿನ ತೂಬಿಗೆ ಜಾಲರಿ, ಗೋಡೆಯಲ್ಲಿ ಪೈಪು ಹಾಯ್ದ ತೂತುಗಳಿಗೆ ಗಚ್ಚು, ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಇವು ಅವಶ್ಯ. ಹೊಸ್ತಿಲನ್ನು ಪೂಜಿಸುವ ನಾವು ಹೊಸ ಮನೆಗಳಲ್ಲಿ ಹೊಸ್ತಿಲನ್ನೇ ಬಿಟ್ಟು ಕಟ್ಟುತ್ತಿರುವುದು ವಿಚಾರ ಮಾಡತಕ್ಕ ಸಂಗತಿ. ಎತ್ತರದ ಹೊಸ್ತಿಲು ಬಾಗಿಲಿನ ಕೆಳಗಿನ ಸಂದನ್ನು ತಡೆಯುವ ಹಿರಿಯರ ಜಾಣ್ಮೆಯೂ ಆಗಿತ್ತು. ಆದರೆ ಅಡುಗೆಮನೆಯ ಹೊಗೆ ಹೋಗುವ ಬೆಳಕಿಂಡಿಗಳನ್ನು ಮುಚ್ಚಬೇಡಿರಿ. ಅವಕ್ಕೆ ಜಾಲರಿ ಹಾಕಿದರೆ ಸಾಕು.

ಮನೆಯ ಹೊರಗಿನ ಕೆಲಸ

ಒಳಗಿನ ಸಂದಿಗೆ ಮೂಲ ಬಹುಮಟ್ಟಿಗೆ ಹೊರಗಿರುತ್ತದೆ. ಗೋಡೆಯ ಹೊರಸುತ್ತ ಎರಡು ಮೂರು ಅಡಿ ಅಗಲದ ಹಾಸುಗಲ್ಲಿನ ಕಟ್ಟೆಯನ್ನು ಹೊರಕ್ಕೆ ಇಳಿಜಾರಾಗಿ ಮಾಡಿದರೆ ಮಳೆಯ ನೀರು ಬುನಾದಿಗೆ ಇಳಿಯದು, ಬೇಸಿಗೆಯಲ್ಲಿ ಅಲ್ಲಿನ ತೇವವೂ ಬೇಗ ಆರದು. ಮಣ್ಣಿನ ತೇವ ಒಂದೇ ಸಮನಾಗಿದ್ದರೆ ಸಂದೂ ಕಡಿಮೆಯಾಗುತ್ತದೆ. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗಬಾರದು. ಎರೆ ಭೂಮಿಯಲ್ಲಿ ದೊಡ್ಡ ಮರಗಳು ಗೋಡೆಗೆ ಹತ್ತಿರವಿದ್ದರೆ ಬೇರುಗಳು ತೇವವನ್ನು ಹೀರಿ ಮಣ್ಣನ್ನು ಕುಗ್ಗಿಸುತ್ತವೆ. ಕಟ್ಟಿಗೆ, ಕುಳ್ಳು, ಇಟ್ಟಿಗೆ, ಹೆಂಚಿನ ರಾಶಿಗಳನ್ನು ಗೋಡೆಗೆ ಒತ್ತಿ ಹಾಕದೆ ದೂರದಲ್ಲಿ, ನೆಲದಿಂದ ಎತ್ತರಿಸಿ ಇಡಬೇಕು.

ಸಂದು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಲೇ ಹೋದರೆ, ಗೋಡೆಯ ಮೇಲೆ ಓರೆಯಾಗಿ ಮೆಟ್ಟಿಲಿನಂಥ ಬಿರುಕು ಮೂಡಿದರೆ, ಬಾಗಿಲುಗಳು ಚೌಕಟ್ಟಿನಲ್ಲಿ ಬಿಗಿಯತೊಡಗಿದರೆ ಅದು ಬುನಾದಿಯ ತೊಂದರೆ. ಆಗ ಮೇಲೆ ಮೆತ್ತುವುದನ್ನು ಬಿಟ್ಟು ತಿಳಿದ ಎಂಜಿನಿಯರರಿಗೆ ತೋರಿಸಬೇಕು.

ಇಳಕಲ್ಲಿನ ನೇಕಾರ ಬಂಧುಗಳಿಗೆ

ಇಳಕಲ್ ಸೀರೆಯನ್ನು ಕುಣಿಮಗ್ಗದಲ್ಲಿ ನೇಯುವ ಶರಣ ಬಂಧುಗಳಿಗೆ ಒಂದು ಪ್ರತ್ಯೇಕ ಮಾತು. ನೇಕಾರರು ನೆಲದ ಮಟ್ಟದಲ್ಲಿ ಕುಳಿತು, ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಮೆಟ್ಟುಹಲಗೆಗಳನ್ನು ತುಳಿಯುತ್ತಾರೆ. ಆ ಕುಣಿಯ ಬದಿಗಳು ಬಿರಿದಿದ್ದರೆ, ಕತ್ತಲೂ ತಂಪೂ ಇರುವ ಅದು ಚೇಳಿಗೆ ಹೇಳಿ ಮಾಡಿಸಿದ ಜಾಗ. ಕುಣಿಯ ಒಳಬದಿಗಳಿಗೆ ಕಲ್ಲು ಕಟ್ಟಿ ಇಲ್ಲವೆ ಗಿಲಾವು ಮಾಡಿ, ತಳದ ಮೂಲೆಗಳನ್ನು ದುಂಡಗೆ ತಿರುಗಿಸಿ ಮುಚ್ಚಿಸಿರಿ. ಸಂಜೆ ಮಗ್ಗದಿಂದ ಎದ್ದ ಮೇಲೆ ಕುಣಿಗೆ ಹಲಗೆ ಮುಚ್ಚಿರಿ. ಬೆಳಿಗ್ಗೆ ಕಾಲಿಳಿಬಿಡುವ ಮುನ್ನ ಟಾರ್ಚಿನಿಂದ ನೋಡಿ, ಕೋಲಿನಿಂದ ಮೆಟ್ಟುಹಲಗೆಗಳನ್ನು ಒಮ್ಮೆ ತಟ್ಟಿರಿ. ಕಾಯಕಕ್ಕೆ ಕುಳಿತ ಕಾಲಿಗೆ ಅಪಾಯ ಬರಬಾರದು.

ಕುಟುಕಿದರೆ, ಕಚ್ಚಿದರೆ

ಎಷ್ಟು ಎಚ್ಚರವಿದ್ದರೂ ಅವಘಡ ಸಂಭವಿಸಬಹುದು. ಆಗ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಯಿಂದ ವಿಷ ಹೀರುವುದು, ಬೇರು ಅರೆದು ಹಚ್ಚುವುದು ಇವನ್ನು ಮಾಡಲೇಬೇಡಿರಿ. ಕುಟುಕಿದ ಅಥವಾ ಕಚ್ಚಿದ ಅಂಗವನ್ನು ಅಲುಗಿಸದೆ ಇಡಿರಿ, ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆಯಿರಿ, ಗಂಟೆ ಎಷ್ಟೆಂದು ನೆನಪಿಟ್ಟುಕೊಳ್ಳಿರಿ, 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಚೇಳು ಕುಟುಕಿದ ಮಗುವಿಗೆ ಬೆವರು, ವಾಂತಿ, ತಣ್ಣನೆಯ ಕೈಕಾಲು, ಏದುಸಿರು ಕಂಡರೆ ಒಂದು ನಿಮಿಷವೂ ತಡೆಯಬಾರದು. ಮಗುವಿಗೆ ಚೇಳು ಕುಟುಕಿದೆಯೆಂದರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರಿಗೆ ತೋರಿಸುವುದೇ ಲೇಸು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ನಸುಕಿನಲ್ಲಿ ಕಾರಣವಿಲ್ಲದೆ ಹೊಟ್ಟೆ ನೋಯ್ದು ರೆಪ್ಪೆ ಜೋತರೆ, ಗಾಯ ಕಾಣದಿದ್ದರೂ ಹಾವು ಕಡಿತವೆಂದೇ ಭಾವಿಸಿ ಹೊರಡಿರಿ.

ಕೆಂಪು ಚೇಳಿನ ವಿಷಕ್ಕೆ ಚಿಕಿತ್ಸೆಯನ್ನು ಕಂಡುಕೊಳ್ಳುವಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ವೈದ್ಯರೊಬ್ಬರ ಸೇವೆ ದೊಡ್ಡದು. ಕೊಂಕಣದ ಮಹಾಡದಲ್ಲಿ ಸೇವೆ ಸಲ್ಲಿಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಬಳಸುತ್ತಿದ್ದ ಪ್ರಾಜೋಸಿನ್ ಎಂಬ ಔಷಧದಿಂದ ಚೇಳಿನ ವಿಷದ ಪರಿಣಾಮವನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ಅದರಿಂದ ಅಸಂಖ್ಯಾತ ಗ್ರಾಮೀಣ ಮಕ್ಕಳ ಜೀವ ಉಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಆದರೆ ಈ ಔಷಧ ಕೊಡುವುದು ವೈದ್ಯರ ಕೆಲಸ, ಮನೆಯವರದಲ್ಲ. ಮತ್ತು ಅದು ಫಲ ಕೊಡುವುದು ಬೇಗ ತಲುಪಿದವರಿಗೆ.

ಆದ್ದರಿಂದ ಭಕ್ತರಲ್ಲಿ ನಾವು ಸ್ಪಷ್ಟವಾಗಿ ಹೇಳಬಯಸುವುದೇನೆಂದರೆ, ಇಂಥ ಹೊತ್ತಿನಲ್ಲಿ ಶ್ರೀಮಠದ ಭಸ್ಮಕ್ಕಾಗಿ ದಾರಿ ಬಳಸಿ ಬರಬೇಡಿರಿ. ಭಸ್ಮ ನಿಮ್ಮ ದೇವರ ಜಗಲಿಯ ಮೇಲೆಯೇ ಇದೆ. ಅದನ್ನು ಧರಿಸಿ, ಇಷ್ಟಲಿಂಗವನ್ನು ನೆನೆದು ನೇರವಾಗಿ ಆಸ್ಪತ್ರೆಗೆ ಹೋಗಿರಿ. ಗುಣವಾದ ಬಳಿಕ ಮಗುವನ್ನು ಕರೆದುಕೊಂಡು ಶ್ರೀಮಠಕ್ಕೆ ಬನ್ನಿರಿ.

ಇದೊಂದು ದಾಸೋಹ

ಚೇಳು, ಹಾವುಗಳನ್ನು ಹುಡುಕಿ ಕೊಲ್ಲಿರೆಂದು ನಾವು ಹೇಳುತ್ತಿಲ್ಲ. ಅವೂ ಶಿವನ ಸೃಷ್ಟಿಯ ಜೀವಿಗಳೇ. ಹಾವು ರೈತನ ಇಲಿಯನ್ನು, ಚೇಳು ಮನೆಯ ಹುಳಗಳನ್ನು ತಿಂದು ಉಪಕರಿಸುತ್ತವೆ. ಅವುಗಳಿಗೆ ಹೊಲವಿದೆ, ಬೇಲಿಯಿದೆ, ಗುಡ್ಡವಿದೆ. ನಮ್ಮ ಮಕ್ಕಳ ಹಾಸಿಗೆಯ ಬಳಿಗೆ ಬರುವ ದಾರಿಯನ್ನಷ್ಟೇ ಮುಚ್ಚಿದರೆ ಅವೂ ಬದುಕುತ್ತವೆ, ನಾವೂ ಬದುಕುತ್ತೇವೆ. ಸಂದು ಮುಚ್ಚುವುದು ಹ್ಯಾಗೋ ಹಾಗೆಯೇ ಮಕ್ಕಳನ್ನು ಮಂಚದ ಮೇಲೆ ಮಲಗಿಸುವುದು, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸುವುದು, ಹಾಸಿಗೆಯನ್ನು ಗೋಡೆಯಿಂದ ಒಂದು ಮೊಳ ದೂರ ಹಾಸುವುದು ಇವೂ ಹಿಂಸೆಯಿಲ್ಲದ ರಕ್ಷಣೆಗಳು.

ಪ್ರತಿ ಊರಿನಲ್ಲಿಯೂ ಒಬ್ಬಂಟಿಯಾದ ಮುದುಕರಿದ್ದಾರೆ, ಗಂಡನನ್ನು ಕಳೆದುಕೊಂಡ ತಾಯಂದಿರಿದ್ದಾರೆ, ದುಡಿಯಲು ಗೋವಾ, ಮಂಗಳೂರುಗಳಿಗೆ ಹೋದವರ ಮನೆಗಳಲ್ಲಿ ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಉಳಿದಿದ್ದಾರೆ. ಅವರಿಗೆ ಟ್ರಂಕು ಸರಿಸಲು ಶಕ್ತಿಯಿಲ್ಲ, ಸುಣ್ಣ ಕಲಸಲು ಕೈಯಿಲ್ಲ. ಊರಿನ ತರುಣರು ಮಿರಗದ ಮಳೆ ಬೀಳುವ ಮುನ್ನ ಇಂಥ ಮನೆಗಳಿಗೆ ಒಂದೊಂದು ದಿನ ಕೊಡಲಿ. ಗೌಂಡಿ ಕೆಲಸ ಬಲ್ಲ ಭಕ್ತರು ಒಂದು ದಿನದ ಕಾಯಕವನ್ನು ದಾಸೋಹವಾಗಿ ಸಲ್ಲಿಸಲಿ.

ಆ ಹುನಗುಂದ ಸೀಮೆಯ ಮನೆಯ ಸಂದನ್ನು ಈಗ ಮುಚ್ಚಲಾಗಿದೆ. ಆ ಓಣಿಯ ಹುಡುಗರೇ ಸೇರಿ ಒಂದು ರವಿವಾರ ನಾಲ್ಕು ಮನೆಗಳ ಕೆಲಸ ಮುಗಿಸಿದರು. ಬರುವ ಬೇಸಿಗೆಯಲ್ಲಿ ಎರೆಮಣ್ಣು ಮತ್ತೆ ಕುಗ್ಗುತ್ತದೆ, ಮತ್ತೆ ಎಲ್ಲಿಯಾದರೂ ಬಿರುಕು ಬಿಡುತ್ತದೆ. ಆಗ ಟ್ರಂಕು ಸರಿಸಿ ನೋಡುವ ಹೊಣೆಯನ್ನು ಆ ಮೊಮ್ಮಗಳೇ ಹೊತ್ತಿದ್ದಾಳೆಂದು ಅಜ್ಜಿ ನಮಗೆ ಹೇಳಿದರು.